ಬಿಳಿ ಗೆರೆ ಬಿದ್ದ ಮೇಣದ ಬತ್ತಿ

ನೆಮ್ಮಾರ್
18 ನವೆಂಬರ್ 2024

ನೀಲಾಂಬಿಕೆ ಟೀಚರಿಗೆ ಕುಸುಮಾ ಮಾಡೋ ನಮಸ್ಕಾರ.

ಹದಿನೈದು ವರ್ಷದ ಹಿಂದೆ ನರಸಿಂಹರಾಜಪುರದಲ್ಲಿ ನಿಮ್ಮ ಹತ್ರ ಮೂರು ತಿಂಗಳು ಮೇಣದ ಬತ್ತಿ ಮಾಡೋದು ಕಲಿತವಳು ನಾನು. ಆ ತರಬೇತಿ ಕೇಂದ್ರ ಈಗಿಲ್ಲ, ಅಲ್ಲಿ ಟೈರ್ ಅಂಗಡಿ ಆಗಿದೆ ಅಂದ್ರು. ನಿಮ್ಮ ನಂಬರ್ ಹುಡುಕಿ ಫೋನ್ ಮಾಡಿದ್ದೆ. ನಿಮ್ಮ ತಂಗಿ ಎತ್ತಿದ್ರು. ‘ಅಕ್ಕನಿಗೆ ಕಿವಿ ಪೂರ್ತಿ ಹೋಗಿದೆ, ವಾಟ್ಸಾಪ್ ಮುಟ್ಟಲ್ಲ, ಏನಿದ್ರೂ ಕಾಗದ ಬರಿ’ ಅಂದ್ರು. ಅದಕ್ಕೇ ಬರೀತಿದೀನಿ. ಕಾಗದ ಬರೆಯದೆ ಎಷ್ಟು ವರ್ಷ ಆಯ್ತೋ, ತಪ್ಪಿದ್ರೆ ಕೆಂಪಲ್ಲಿ ತಿದ್ದಿ ವಾಪಸ್ ಕಳಿಸ್ಬೇಡಿ.

ಮದುವೆಯಾಗಿ ಇಲ್ಲಿಗೆ ಬಂದಾಗಿಂದ ತೋಟದ ಕೂಲಿ ನನ್ನದು. ಎರಡು ವರ್ಷದಿಂದ ಬಲಗಡೆ ಭುಜ ಎತ್ತಕ್ಕಾಗಲ್ಲ. ಹೊರೆ ಹೊತ್ರೆ ಕೈಯೇ ಹೋಗುತ್ತೆ ಅಂದ್ರು ಡಾಕ್ಟ್ರು. ಹಾಗಾಗಿ ಅಡುಗೆಮನೇಲಿ ಮೇಣ ಕರಗಿಸೋಕೆ ಶುರು ಮಾಡಿದೆ. ಸಿರಿಮನೆ ಹತ್ರ ಹೋಂಸ್ಟೇ ನಡೆಸೋ ಜ್ಯೋತ್ಸ್ನಾ ಮೇಡಂ ನಲವತ್ತು ದಪ್ಪ ಬತ್ತಿ ಬೇಕು ಅಂದ್ರು. ನೀವು ಹೇಳಿಕೊಟ್ಟ ಹಾಗೇ ಮಾಡಿದೆ. ಬತ್ತೀಲಿ ಮುಖ ಕಾಣಬೇಕು ಅಂತಿದ್ರಲ್ಲ, ಅಷ್ಟು ನುಣುಪು. ತಗೊಂಡು ಹೋದ್ರೆ ಮೇಡಂ ಬೆರಳಲ್ಲಿ ಸವರಿ, ‘ಅಯ್ಯೋ ಕುಸುಮಾ, ಪೈಪಿನ ತುಂಡಿನ ಹಾಗಿದೆಯಲ್ಲ! ನನಗೆ ರಸ್ಟಿಕ್ ಬೇಕು’ ಅಂದ್ರು.

ರಸ್ಟಿಕ್ ಅಂದ್ರೆ ಎಂತ ಅಂತ ಕೇಳಿದೆ. ಫೋನಲ್ಲಿ ಫೋಟೋ ತೋರಿಸಿದ್ರು. ಟೀಚರ್, ಸುಣ್ಣ ಎದ್ದ ಗೋಡೆ ನೋಡಿದೀರಲ್ಲ, ಥೇಟ್ ಅದೇ. ಮೈಯೆಲ್ಲ ತರಿ, ಬಿಳಿ ಗೆರೆ, ಅಲ್ಲಲ್ಲಿ ಗುಳಿ.

ಮನೆಗೆ ಬಂದು ಪಾತ್ರೆ ತಿಕ್ಕೋ ಸ್ಟೀಲ್ ನಾರಲ್ಲಿ ಉಜ್ಜಿದೆ. ಇಲಿ ಕಡಿದ ಹಾಗಿದೆ ಅಂದ್ರು. ಕಾಫಿಪುಡೀಲಿ ಹೊರಳಿಸಿದೆ. ಹಚ್ಚಿದ ಕೂಡಲೇ ಸೀದ ವಾಸನೆ ಬಂತು. ಮೂರು ಸಲ ಬಸ್ಸಲ್ಲಿ ಹೊತ್ಕೊಂಡು ಹೋಗಿ ಮೂರು ಸಲ ವಾಪಸ್ ತಂದೆ. ನನಗೆ ಸಾಕಾಗಿದೆ. ನುಣುಪು ಕಲಿಸಿದ್ದು ನೀವು, ಈಗ ಒರಟು ಮಾಡೋದೂ ನೀವೇ ಹೇಳಿ.

ಇಂತಿ,
ಕುಸುಮಾ


ನರಸಿಂಹರಾಜಪುರ
27 ನವೆಂಬರ್ 2024

ಕುಸುಮಾಳಿಗೆ ಆಶೀರ್ವಾದಗಳು.

ನನ್ನ ಕಾಲದಲ್ಲಿ ಕುಸುಮಾ ಎಂಬ ಹೆಸರಿನವರು ಹನ್ನೊಂದು ಮಂದಿ ಕಲಿತು ಹೋಗಿದ್ದಾರೆ. ನೀನು ಯಾರೆಂದು ನೆನಪಾಗಲಿಲ್ಲ. ಇರಲಿ.

ನಿನ್ನ ಪತ್ರ ಓದಿ ಅರ್ಧ ಗಂಟೆ ಸಿಟ್ಟಿನಲ್ಲಿ ಕುಳಿತಿದ್ದೆ. ಕಾಫಿಪುಡಿಯಲ್ಲಿ ಹೊರಳಿಸಲು ಅದೇನು ಮೀನೇ? ಮೂವತ್ತು ವರ್ಷ ಯಾವುದನ್ನು ದೋಷ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡೆನೋ ಅದನ್ನೇ ಜನ ಈಗ ಕೇಳಿ ಪಡೆಯುತ್ತಾರೆಂದರೆ ನಾನು ಏನು ಹೇಳಲಿ? ನನ್ನ ತಂಗಿ, ‘ಈಗ ಹರಿದ ಪ್ಯಾಂಟನ್ನೇ ಅಂಗಡಿಯಲ್ಲಿ ಮಾರುತ್ತಾರೆ, ನೀನೊಬ್ಬಳು’ ಎಂದು ಚೀಟಿಯಲ್ಲಿ ಬರೆದು ತೋರಿಸಿದಳು. ಅವಳಿಗೂ ಬೈದೆ.

ಆದರೂ ಕೇಳಿದ್ದೀಯ. ದೋಷವನ್ನು ಮೇಲಿಂದ ಕೆರೆದು ತರಲಾಗದು, ಹೊಯ್ಯುವಾಗಲೇ ಬರಬೇಕು. ಹೇಗೆ ಮಾಡಬಾರದು ಎಂದು ಕಲಿಸಿದ್ದೆನೋ ಹಾಗೆ ಮಾಡು. ಕರಗಿದ ಮೇಣವನ್ನು ಒಲೆಯಿಂದ ಇಳಿಸಿ ಸುಮ್ಮನೆ ಬಿಡು. ಹಾಲಿಗೆ ಕೆನೆ ಕಟ್ಟಿದಂತೆ ಮೇಲೆ ಪದರ ಕಟ್ಟುತ್ತದೆ. ಅದನ್ನು ಸೌಟಿನಿಂದ ಕದಡಿ, ಗಂಜಿಯ ಹದಕ್ಕೆ ಬಂದಾಗ ತಣ್ಣಗಿರುವ ಅಚ್ಚಿಗೆ ಹೊಯ್ಯಿ. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲೆ ಇಡಬೇಡ, ಬಿಸಿನೀರಿನ ಪಾತ್ರೆಯೊಳಗೆ ಇಡು. ಇಷ್ಟಾದರೂ ನೆನಪಿದೆ ತಾನೆ?

ಆ ಜ್ಯೋತ್ಸ್ನಾ ಎಂಬಾಕೆಗೆ ಸುಣ್ಣ ಎದ್ದ ಗೋಡೆ ಬೇಕಾದರೆ ನಮ್ಮ ಮನೆಗೆ ಬರಲಿ.

ನೀಲಾಂಬಿಕೆ


ನೆಮ್ಮಾರ್
9 ಡಿಸೆಂಬರ್ 2024

ಟೀಚರ್,

ನೀವು ಹೇಳಿದ ಹಾಗೇ ಮಾಡಿದೆ. ಗಂಜಿ ಹದ ಬಂತು, ಹೊಯ್ದೆ. ಬೆಳಿಗ್ಗೆ ಅಚ್ಚಿಂದ ತೆಗೆದ್ರೆ ಹೊರಗಡೆ ಚೆಂದ ತರಿ ಬಂದಿದೆ, ಖುಷಿಯಾಗಿ ಎತ್ತಿದೆ, ಮೂರು ತುಂಡಾಗಿ ಕಾಲ ಮೇಲೆ ಬಿತ್ತು. ಮಾರನೇ ದಿನ ಸ್ವಲ್ಪ ಬಿಸಿ ಇರುವಾಗ್ಲೇ ಹೊಯ್ದೆ. ಗಟ್ಟಿ ಬಂತು, ನುಣ್ಣಗೆ ಬಂತು! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇದರ ಮಧ್ಯೆ ನಮ್ಮತ್ತೆ ಗುಡ್ಡಮ್ಮ, ಕರಗಿದ ಮೇಣದ ಪಾತ್ರೆ ನೋಡಿ ಎಣ್ಣೆನೀರು ಅಂದ್ಕೊಂಡು ಬಚ್ಚಲಿಗೆ ಚೆಲ್ಲಿದ್ರು. ಪೈಪೆಲ್ಲ ಕಟ್ಟಿಕೊಂಡು ಸ್ನಾನದ ನೀರು ಒಳಗೇ ನಿಂತಿತು. ಯಜಮಾನ್ರು ಕೂಲಿಗೆ ಹೋಗೋದು ಬಿಟ್ಟು ಪೈಪ್ ಅಗೆದು ತೆಗೆದ್ರು. ಅತ್ತೆ ಪಕ್ಕದಲ್ಲಿ ನಿಂತು ನನಗೇ ಬೈತಾರೆ. ‘ಎಂತ ಮಾರಾಯ್ತಿ ಇದು! ನೀರಿನ ಹಾಗಿದ್ದದ್ದು ಕಲ್ಲಾಗೋದಾ? ಮನೇಲಿ ಇಂಥದ್ದೆಲ್ಲ ಇಟ್ಕೊಳ್ಳೋದಾ?’ ಅನ್ನೋದು. ಯಜಮಾನ್ರು ಬಗ್ಗಿ ಕೂತು ಒಬ್ರೇ ಪೈಪ್ ತೊಳೀತಿದ್ರಲ್ಲ, ಅದೇ ನನಗೆ ಹೆಚ್ಚು ಬೇಜಾರಾಯ್ತು.

ಜ್ಯೋತ್ಸ್ನಾ ಮೇಡಂ ದಿನಾ ಫೋನ್ ಮಾಡ್ತಾರೆ. ಕ್ರಿಸ್‌ಮಸ್ ರಜೆಗೆ ಗೆಸ್ಟ್ ಬರ್ತಾರಂತೆ. ಬೇಡ ಅಂದುಬಿಡೋಣ ಅಂತಾನೂ ಅನ್ನಿಸ್ತು. ಆದ್ರೆ ಮತ್ತೆ ತೋಟಕ್ಕೆ ಹೋಗೋಕೆ ಈ ಕೈ ಬರಲ್ಲ.

ಒಂದು ಮಾತು ಬರೀಬಾರದು ಅಂತಿದ್ದೆ, ಬರೀತೀನಿ. ಈಗ ಎಷ್ಟು ಬಡ್ಕೊಂಡ್ರೂ ಬಾರದ ಈ ಬಿಳಿ ಗೆರೆ ಹದಿನೆಂಟನೇ ವಯಸ್ಸಲ್ಲಿ ನನ್ನ ಕೈಗೆ ತಾನಾಗಿ ಬಂದಿತ್ತು. ಪರೀಕ್ಷೆ ದಿನ ಬಸ್ಸು ತಪ್ಪಿ ತಡ ಆಗಿ, ಗಡಿಬಿಡೀಲಿ ಆರಿದ ಮೇಣ ಹೊಯ್ದಿದ್ದೆ. ಬತ್ತಿ ಗಟ್ಟಿಯಾಗೇ ಬಂದಿತ್ತು, ಮೈಮೇಲೆ ಮಾತ್ರ ಗೆರೆ. ನೀವು ‘ಅಜಾಗರೂಕತೆ’ ಅಂತ ಬರೆದು ಫೇಲ್ ಮಾಡಿದ್ರಿ. ಇಪ್ಪತ್ನಾಲ್ಕು ಹುಡುಗೀರಲ್ಲಿ ನಾನೊಬ್ಬಳೇ. ನಿಮ್ಮ ಹನ್ನೊಂದು ಕುಸುಮಾಗಳಲ್ಲಿ ಆ ಕುಸುಮಾ ನಾನು.

ಬತ್ತಿ ಯಾಕೆ ಮುರೀತಿದೆ ಅಂತ ಬೇಗ ಬರೀರಿ.

ಕುಸುಮಾ


ನರಸಿಂಹರಾಜಪುರ
14 ಡಿಸೆಂಬರ್ 2024

ಕುಸುಮಾ,

ಎರಡು ಸಲ ಹೊಯ್ಯಬೇಕು. ಮೊದಲು ಕೆನೆಗಟ್ಟಿದ ಮೇಣವನ್ನು ಎರಡು ಸೌಟಿನಷ್ಟು ಹಾಕಿ, ಅಚ್ಚನ್ನು ಕೈಯಲ್ಲಿ ತಿರುಗಿಸುತ್ತ ಒಳಗೋಡೆಗೆ ಹಿಡಿಸು. ಅದು ಬಿಗಿಯುವ ಮುಂಚೆ ನಡುವೆ ಅದಕ್ಕಿಂತ ತುಸು ಬಿಸಿಯಾದ ಮೇಣ ತುಂಬು. ಹೆಚ್ಚು ಬಿಸಿಯಾದರೆ ಗೋಡೆಯ ತರಿ ಕರಗುತ್ತದೆ, ಹೆಚ್ಚು ಆರಿದರೆ ಒಂದಕ್ಕೊಂದು ಅಂಟುವುದಿಲ್ಲ. ಈ ಹದ ನಾನು ಬರೆದು ಹೇಳುವಂಥದ್ದಲ್ಲ. ಹತ್ತು ಬತ್ತಿ ಕೆಡಿಸು, ತಿಳಿಯುತ್ತದೆ. ಕೆಟ್ಟದ್ದನ್ನು ಮತ್ತೆ ಕರಗಿಸಬಹುದು, ಮೇಣ ಮುನಿಸಿಕೊಳ್ಳುವುದಿಲ್ಲ.

ಉಳಿದ ಮೇಣವನ್ನು ಪಾತ್ರೆಯಲ್ಲೇ ಆರಲು ಬಿಡಬೇಕೆಂದು ನಿನ್ನ ಅತ್ತೆಗೆ ತಿಳಿಸು.

ಪತ್ರದ ಕೊನೆಯ ಭಾಗ ಓದಿದೆ.

ನೀಲಾಂಬಿಕೆ


ನೆಮ್ಮಾರ್
6 ಜನವರಿ 2025

ಟೀಚರ್,

ಹತ್ತಲ್ಲ, ಹದಿನೇಳು ಕೆಡಿಸಿದೆ. ಹದಿನೆಂಟನೆಯದು ಬಂತು. ಕೊಪ್ಪದಲ್ಲಿ ಮೇಣ ಮಾರೋ ಮುಸವ್ವಿರ್ ಸಾಬ್ರು ಕಂದು ಬಣ್ಣದ ಪುಡಿ ಕೊಟ್ಟು, ‘ಚಿಟಿಕೆ ಮಾತ್ರ ಹಾಕಮ್ಮ, ಜಾಸ್ತಿ ಹಾಕಿದ್ರೆ ಚಾಕಲೇಟ್ ಅಂತ ಮಕ್ಕಳು ಕಚ್ತವೆ’ ಅಂದಿದ್ರು. ಕೊಯ್ದ ಗುಡ್ಡದ ಮಣ್ಣಿನ ಬಣ್ಣ ಬಂತು, ಅದರ ಮೇಲೆ ಬಿಳಿ ತರಿ. ಅತ್ತೆ ಕೂಡ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ‘ಹಳೇದರ ಹಾಗಿದೆ’ ಅಂದ್ರು. ಬೈದದ್ದೋ ಹೊಗಳಿದ್ದೋ ನಾನು ಕೇಳಕ್ಕೆ ಹೋಗಲಿಲ್ಲ.

ನಲವತ್ತೂ ಕೊಟ್ಟೆ. ಜ್ಯೋತ್ಸ್ನಾ ಮೇಡಂ ಊಟದ ಮೇಜಿನ ಮೇಲೆ ಸಾಲಾಗಿ ಹಚ್ಚಿಸಿದ್ರು. ಗೆಸ್ಟ್ ಒಬ್ರು, ಇದನ್ನು ಯಾವ ದೇಶದಿಂದ ತರಿಸಿದ್ದು ಅಂತ ಕೇಳಿದ್ರಂತೆ. ಈ ಡಬ್ಬೀಲಿ ನಿಮಗೂ ಒಂದು ಕಳಿಸಿದೀನಿ. ಒಡೆಯದೇ ಬಂದಿದ್ರೆ ಪೋಸ್ಟಿನವರ ಪುಣ್ಯ.

ಇಲ್ಲಿಗೆ ನಿಲ್ಲಿಸಿದ್ರೆ ಚೆಂದ ಇತ್ತು. ಆದ್ರೆ ನನಗೆ ಸಿಟ್ಟು ಬಂದಿದೆ ಟೀಚರ್.

ಬಾಳಗಡೀಲಿ ಹುಡುಗೀರಿಗೆ ಕೈಕೆಲಸ ಕಲಿಸೋ ಒಂದು ಕೇಂದ್ರ ಶುರುವಾಗಿದೆ. ಅದನ್ನು ನಡೆಸೋ ಭೈರಪ್ಪನವರು ಹೋಂಸ್ಟೇಗೆ ಬಂದಾಗ ಬತ್ತಿ ನೋಡಿ ನನ್ನನ್ನು ಕರೆಸಿದ್ರು. ವಾರಕ್ಕೆ ಮೂರು ದಿನ ಹುಡುಗೀರಿಗೆ ನಾನು ಬತ್ತಿ ಮಾಡೋದು ಕಲಿಸಬೇಕು. ಕೂತು ಮಾಡೋ ಕೆಲಸ, ಭುಜಕ್ಕೂ ತೊಂದರೆ ಇಲ್ಲ. ಎಲ್ಲ ಮಾತಾಡಿದ ಮೇಲೆ ಕೊನೇಲಿ ‘ಸರ್ಟಿಫಿಕೇಟ್ ಕೊಡಿ’ ಅಂದ್ರು. ‘ಇಲ್ಲ’ ಅಂದೆ. ‘ಕಳೆದುಹೋಗಿದ್ರೆ ನಕಲು ತಗೊಳ್ಬಹುದು’ ಅಂದ್ರು. ‘ಕಳೆದಿಲ್ಲ ಸರ್, ಫೇಲಾಗಿದೀನಿ’ ಅಂದೆ. ಅವರು ಮೇಜಿನ ಮೇಲಿದ್ದ ನನ್ನ ಬತ್ತಿ ನೋಡಿದ್ರು, ನನ್ನ ಮುಖ ನೋಡಿದ್ರು. ‘ಯಾವುದರಲ್ಲಿ?’ ಅಂದ್ರು. ‘ಇದರಲ್ಲೇ’ ಅಂದೆ.

ಬಸ್ ಸ್ಟಾಂಡಿಗೆ ಬರೋ ತನಕ ತಲೆ ಎತ್ತಲಿಲ್ಲ. ಹದಿನೆಂಟು ವರ್ಷದವಳಾಗಿದ್ದಾಗಲೂ ಹೀಗೇ ಬಂದಿದ್ದೆ.

ನಾನು ಒಂದು ಇಡೀ ಪುಟ ಬರೆದ್ರೆ ನೀವು ‘ಓದಿದೆ’ ಅಂತ ಒಂದು ಸಾಲು ಬರೀತೀರಿ. ಕರೆಂಟ್ ಬಿಲ್ಲಾ ಅದು, ಓದಿ ಇಡೋಕೆ?

ಕುಸುಮಾ


ನರಸಿಂಹರಾಜಪುರ
21 ಜನವರಿ 2025

ಕುಸುಮಾ,

ಬತ್ತಿ ಒಡೆಯದೆ ಬಂದಿತು. ಒಂದು ವಾರದಿಂದ ಮೇಜಿನ ಮೇಲಿದೆ. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ನನ್ನ ಮೇಲೆ ನನಗೇ ರೇಗುತ್ತಿದೆ, ಆದ್ದರಿಂದ ನೇರವಾಗಿ ಬರೆಯುತ್ತೇನೆ.

ಹನ್ನೊಂದು ಕುಸುಮಾ ಎಂದದ್ದು ಸುಳ್ಳು. ಮೂವರಿದ್ದರು. ನಿನ್ನ ಮೊದಲ ಪತ್ರದ ಅಕ್ಷರ ಕಂಡೊಡನೆ ಯಾರೆಂದು ತಿಳಿಯಿತು.

ಆ ದಿನ ಇಪ್ಪತ್ತನಾಲ್ಕು ಜನರನ್ನೂ ಪಾಸು ಮಾಡಿ ಪಟ್ಟಿ ಬರೆದಿದ್ದೆ. ಪರಿಶೀಲನೆಗೆ ಬಂದವರು, ‘ಎಲ್ಲರೂ ಪಾಸಾದರೆ ಮೇಲಿನವರು ನಂಬುವುದಿಲ್ಲ ಮೇಡಂ, ಒಬ್ಬರನ್ನಾದರೂ ಬಿಡಿ’ ಎಂದರು. ನಾನು ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಮತ್ತೆ ಬತ್ತಿಗಳನ್ನು ನೋಡಿದೆ. ನಿನ್ನದಕ್ಕಿಂತ ಕೆಟ್ಟವು ಎರಡಿದ್ದವು. ಒಂದು ವಾಲಿತ್ತು. ಆ ಹುಡುಗಿಯ ತಂದೆ ಪಂಚಾಯಿತಿ ಸದಸ್ಯರು. ಇನ್ನೊಂದರಲ್ಲಿ ದಾರ ನಡುವಿರಲಿಲ್ಲ. ಅವಳ ಚಿಕ್ಕಮ್ಮ ನಮ್ಮ ಪಕ್ಕದ ಮನೆ. ನೀನು ಸೋದರಮಾವನ ಮನೆಯಲ್ಲಿದ್ದವಳು. ಮೂರು ತಿಂಗಳಲ್ಲಿ ನಿನ್ನ ಕಡೆಯವರೆಂದು ಒಬ್ಬರೂ ಗೇಟಿನವರೆಗೂ ಬಂದಿರಲಿಲ್ಲ. ನಿನ್ನನ್ನು ಫೇಲು ಮಾಡಿದರೆ ಏಕೆಂದು ಕೇಳಲು ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ನಿನ್ನ ಹೆಸರು ಬರೆದೆ. ‘ಅಜಾಗರೂಕತೆ’ ಎಂಬ ಪದವನ್ನು ಆಮೇಲೆ ಹುಡುಕಿಕೊಂಡೆ.

ಪಟ್ಟಿ ಓದಿದಾಗ ನೀನು ಅಳಲಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿ ಹೋದೆ. ನೀನು ಅತ್ತಿದ್ದರೆ ನಾನು ಬಹುಶಃ ಬೇಗ ಮರೆಯುತ್ತಿದ್ದೆ.

ನೀಲಾಂಬಿಕೆ


ನೆಮ್ಮಾರ್
1 ಫೆಬ್ರವರಿ 2025

ಟೀಚರ್,

ಜಗಲೀಲಿ ಕೂತು ಓದಿದೆ. ಅತ್ತೆ ‘ಎಂತ ಬರೆದಿದ್ದಾರೆ?’ ಅಂತ ಕೇಳಿದ್ರು. ಗಟ್ಟಿಯಾಗಿ ಓದಿ ಹೇಳಿದೆ. ಅವರು ಅಡಿಕೆ ಸುಲಿಯೋ ಕೈ ನಿಲ್ಲಿಸಿ, ‘ಇಷ್ಟು ವರ್ಷ ಗೊತ್ತಿದ್ದೂ ಸುಮ್ಮನಿದ್ಲಾ? ಅವಳಿಗೆ ಅನ್ನ ಸೇರ್ತಿತ್ತಾ?’ ಅಂದ್ರು. ನನ್ನ ಪರವಾಗಿ ಅತ್ತೆ ಆಡಿದ ಮೊದಲ ಮಾತು ಅದು.

ಹದಿನೈದು ವರ್ಷ ನಾನು ನನ್ನ ಕೈಗೇ ಬೈಕೊಂಡೆ. ಸಾರು ಉಪ್ಪಾದ್ರೆ, ಲೋಟ ಒಡೆದ್ರೆ, ‘ನಾನು ಅಜಾಗರೂಕತೆಯವಳೇ ಅಲ್ವಾ’ ಅಂದ್ಕೊಳ್ತಿದ್ದೆ. ಆ ಪದದ ಅರ್ಥ ಕೂಡ ಆ ದಿನ ನನಗೆ ಸರಿಯಾಗಿ ಗೊತ್ತಿರಲಿಲ್ಲ, ಮನೆಗೆ ಹೋಗಿ ಮಾವನ ಮಗಳನ್ನು ಕೇಳಿದೆ.

ನನಗೆ ಯಾಕೆ ಬರೆದ್ರಿ ಇದನ್ನು? ನಾನು ಫೇಲಾಗಿದ್ದು ನನಗೆ ಗೊತ್ತಿಲ್ವಾ? ಗೊತ್ತಾಗಬೇಕಾದವರು ಬಾಳಗಡೀಲಿದ್ದಾರೆ. ಅವರಿಗೆ ಬರೀರಿ. ನನಗಿನ್ನು ಬರೀಬೇಡಿ.

ಕುಸುಮಾ


ನರಸಿಂಹರಾಜಪುರ
25 ಫೆಬ್ರವರಿ 2025

ಕುಸುಮಾ,

ಇನ್ನು ಬರೆಯಬೇಡಿ ಎಂದು ನೀನು ಬರೆದಿದ್ದೆ. ವಿಷಯ ಇರುವುದರಿಂದ ಬರೆಯುತ್ತಿದ್ದೇನೆ.

ಬಾಳಗಡಿಗೆ ಪತ್ರ ಬರೆದರೆ ಅದೂ ಓದಿ ಇಡುವ ಕಾಗದವಾಗುತ್ತದೆ ಎನಿಸಿತು. ಆದ್ದರಿಂದ ನಾನೇ ಹೋದೆ. ಬಸ್ಸಿನಲ್ಲಿ ಕಂಡಕ್ಟರ್ ಏನೋ ಕೇಳಿದ, ನಾನು ಏನೋ ಹೇಳಿದೆ, ಕೊಪ್ಪದ ಬಸ್ ಸ್ಟಾಂಡಿನಲ್ಲಿ ಇಳಿಸಿದ. ಅಲ್ಲಿಂದ ಆಟೋ. ಅವನಿಗೂ ನನಗೂ ಜಗಳ.

ಭೈರಪ್ಪನವರು ಒಳ್ಳೆಯವರಂತೆ ಕಾಣುತ್ತಾರೆ, ಆದರೆ ಮೀಸೆ ಬಾಯಿಯ ಮೇಲೆ ಬಿದ್ದಿದೆ. ನಾನು ತುಟಿ ನೋಡಿ ಮಾತು ತಿಳಿಯುವವಳು, ಅವರು ಹೇಳುವುದು ಒಂದೂ ತಿಳಿಯಲಿಲ್ಲ. ಕಾಗದ ಮುಂದಿಟ್ಟೆ. ‘ನಿಯಮ ಇದೆ ಮೇಡಂ, ಆಗುವುದಿಲ್ಲ’ ಎಂದು ಬರೆದರು. ನಾನು ಮನೆಯಲ್ಲೇ ಬರೆದು ಸಹಿ ಮಾಡಿ ತಂದಿದ್ದ ಹೇಳಿಕೆ ಕೊಟ್ಟೆ. ನಿನಗೆ ಬರೆದದ್ದನ್ನೆಲ್ಲ ಅದರಲ್ಲಿ ಬರೆದಿದ್ದೆ, ಪಂಚಾಯಿತಿ, ಪಕ್ಕದ ಮನೆ ಎಲ್ಲವನ್ನೂ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ‘ಇದು ಹೊರಗೆ ಗೊತ್ತಾದರೆ ನಿಮಗೇ ಅವಮಾನ’ ಎಂದು ಬರೆದರು. ‘ಗೊತ್ತಾಗಲೆಂದೇ ತಂದದ್ದು’ ಎಂದೆ. ನನಗೆ ನನ್ನ ದನಿ ಕೇಳುವುದಿಲ್ಲ, ಗಟ್ಟಿಯಾಗಿ ಹೇಳಿದೆನೆಂದು ತೋರುತ್ತದೆ. ಹೊರಗಿದ್ದ ಹುಡುಗಿಯರು ಬಾಗಿಲಿಗೆ ಬಂದು ನೋಡಿದರು.

ಮತ್ತೆ ನಿಯಮ ಎಂದು ಬರೆಯಲು ಪೆನ್ನು ಎತ್ತಿದರು. ನಾನು ಚೀಲದಿಂದ ನಿನ್ನ ಬತ್ತಿ ತೆಗೆದು ಅವರ ಮೇಜಿನ ಮೇಲೆ ಹಚ್ಚಿಟ್ಟೆ. ‘ಇದು ಒಡೆದರೆ, ಪಕ್ಕಕ್ಕೆ ಸೋರಿದರೆ, ಹೊಗೆ ಕಾರಿದರೆ ಎದ್ದು ಹೋಗುತ್ತೇನೆ. ಅಲ್ಲಿಯವರೆಗೆ ಇಲ್ಲೇ ಕೂರುತ್ತೇನೆ’ ಎಂದೆ. ಅವರು ಫ್ಯಾನ್ ಆರಿಸಬೇಕಾಯಿತು. ಸೆಖೆಗೆ ಬೆವರಿದರು. ಎರಡು ಫೋನು ಮಾಡಿದರು, ಊಟದ ಡಬ್ಬಿ ಬಿಚ್ಚಿದರು, ನನಗೂ ಅರ್ಧ ಕೊಟ್ಟರು. ಮೂರು ಗಂಟೆಯ ಹೊತ್ತಿಗೂ ಬತ್ತಿ ಒಂದೇ ಸಮ ಉರಿಯುತ್ತಿತ್ತು. ಕೊನೆಗೆ ಅವರೇ ನಗುತ್ತ ಹೀಗೆ ಬರೆದರು: ‘ಮಾರ್ಚ್ ಹತ್ತು, ಸೋಮವಾರ, ಹನ್ನೊಂದು ಗಂಟೆ. ಎಲ್ಲರ ಎದುರು ಮಾಡಿ ತೋರಿಸಲಿ. ಸರಿ ಬಂದರೆ ಸರ್ಟಿಫಿಕೇಟ್ ವಿಷಯ ನಮ್ಮ ಸಮಿತಿಯ ಜೊತೆ ನಾನು ಮಾತಾಡುತ್ತೇನೆ.’

ಆ ಚೀಟಿ ಇದರ ಜೊತೆಗಿದೆ. ಹೋಗು. ನನ್ನ ಮೇಲಿನ ಸಿಟ್ಟಿಗೆ ಹೋಗದೆ ಇರಬೇಡ.

ನೀಲಾಂಬಿಕೆ


ನೆಮ್ಮಾರ್
13 ಮಾರ್ಚ್ 2025

ಟೀಚರ್,

ಮೊನ್ನೆ ನೀವು ಬರ್ತೀರಿ ಅಂತ ನನಗೆ ಗೊತ್ತಿರಲಿಲ್ಲ. ಅಚ್ಚಿನ ಚೀಲ ಹಿಡ್ಕೊಂಡು ಒಳಗೆ ಬಂದ್ರೆ ಕೊನೇ ಬೆಂಚಲ್ಲಿ ಕೂತಿದೀರಿ. ಕೂದಲು ಪೂರ್ತಿ ಬೆಳ್ಳಗಾಗಿದೆ. ಮಾತಾಡಿಸಲಿಲ್ಲ ಅಂತ ತಪ್ಪು ತಿಳ್ಕೋಬೇಡಿ. ನಿಮಗೆ ತಿಳಿಯೋ ಹಾಗೆ ಹೇಳ್ಬೇಕಂದ್ರೆ ಎದುರಿಗೆ ನಿಂತು ತುಟಿ ಬಿಡಿಸಿ ಬಿಡಿಸಿ ಹೇಳ್ಬೇಕು. ನನಗೆ ಹೇಳೋಕಿರೋದು ಅಷ್ಟು ಜನರ ಮುಂದೆ ಹಾಗೆ ಹೇಳೋ ಮಾತಲ್ಲ. ಅದಕ್ಕೇ ಮನೆಗೆ ಬಂದು ಬರೀತಿದೀನಿ.

ಅಲ್ಲಿ ಆಗಿದ್ದು ನಿಮಗೆ ಅರ್ಧ ಕಂಡಿದೆ, ಕೇಳಿಲ್ಲ. ಶುರುವಿಗೆ ಗ್ಯಾಸ್ ಮುಗಿದಿತ್ತು, ಎಲ್ಲರೂ ಓಡಾಡ್ತಿದ್ದದ್ದು ಅದಕ್ಕೆ. ಆಮೇಲೆ ಭೈರಪ್ಪನವರು ‘ಥರ್ಮಾಮೀಟರ್ ಎಲ್ಲಿ?’ ಅಂದ್ರು. ‘ಕಣ್ಣೇ ಸಾಕು ಸರ್’ ಅಂದೆ. ಮುಂದೆ ಕೂತಿದ್ದ ಶಬಾನ ಅನ್ನೋ ಹುಡುಗಿ, ‘ಅಕ್ಕಾ, ಹದ ಬಂತು ಅಂತ ಹ್ಯಾಗೆ ಗೊತ್ತಾಗುತ್ತೆ?’ ಅಂತ ಕೇಳಿದ್ಲು. ಅವಳನ್ನು ಕರೆದು ಸೌಟು ಅವಳ ಕೈಗೇ ಕೊಟ್ಟೆ. ಕದಡು, ಭಾರ ಆಗೋ ತನಕ ಕದಡು, ನಿನ್ನ ಕೈಯೇ ಹೇಳುತ್ತೆ ಅಂದೆ. ಅವಳು ಕದಡ್ತಾ ಕದಡ್ತಾ ‘ಈಗ!’ ಅಂದ್ಲು. ಸರಿಯಾಗೇ ಹೇಳಿದ್ಲು. ಆಗ ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ನಾನು ಪರೀಕ್ಷೆಗೆ ಬಂದಿದೀನಿ ಅನ್ನೋದೇ ಮರೆತುಹೋಯ್ತು.

ಆರೋ ತನಕ ಕಾದು ಅಚ್ಚು ಬೋರಲು ಮಾಡಿ ತಟ್ಟಿದೆ. ಬತ್ತಿ ಇಡಿಯಾಗಿ ಜಾರಿ ಬಂತು. ಮೈತುಂಬ ಬಿಳಿ ಗೆರೆ. ಹುಡುಗೀರು ಚಪ್ಪಾಳೆ ತಟ್ಟಿದ್ರು, ನಿಲ್ಲಿಸಿದ್ರು. ನೀವು ನಿಲ್ಲಿಸಲಿಲ್ಲ. ಬತ್ತಿ ಮೇಲಿಂದ ಕಣ್ಣು ತೆಗೀದೆ ಒಬ್ರೇ ತಟ್ತಾನೇ ಇದ್ರಿ. ಹುಡುಗೀರು ತಿರುಗಿ ತಿರುಗಿ ನೋಡಿ ನಗೋಕೆ ಶುರು ಮಾಡಿದ್ರು. ನನಗೆ ನಾಚಿಕೆ ಆಯ್ತು. ಯಾರಾದ್ರೂ ನಿಲ್ಲಿಸ್ಲಿ ಅನ್ನಿಸ್ತು. ಸ್ವಲ್ಪ ಹೊತ್ತಿಗೆ, ಬೇಡ, ತಟ್ಲಿ ಅನ್ನಿಸ್ತು.

ಭೈರಪ್ಪನವರು ಇವತ್ತು ಫೋನ್ ಮಾಡಿದ್ರು. ಸರ್ಟಿಫಿಕೇಟ್ ಇಲ್ಲದಿದ್ರೂ ನಾನು ಕಲಿಸಬಹುದು ಅಂತ ಸಮಿತಿಯವರು ಒಪ್ಪಿದ್ದಾರೆ. ಮೊದಲು ಮೂರು ತಿಂಗಳು, ಆಮೇಲೆ ನೋಡ್ತಾರಂತೆ. ‘ಕುಸುಮಾ ಇನ್ನು ತೋಟಕ್ಕೆ ಬರಲ್ಲ’ ಅಂತ ಯಜಮಾನ್ರು ಮೇಸ್ತ್ರಿಗೆ ಹೇಳಿ ಬಂದ್ರು.

ಕ್ಷಮಿಸಿದೀನಿ ಅಂತ ಬರೆದ್ರೆ ಸುಳ್ಳಾಗುತ್ತೆ. ಎರಡು ದಿನ ಕ್ಷಮಿಸಿದೀನಿ ಅನ್ನಿಸುತ್ತೆ, ಮೂರನೇ ದಿನ ಪಾತ್ರೆ ತೊಳೀವಾಗ ಮತ್ತೆ ಸಿಟ್ಟು ಬರುತ್ತೆ. ಅದು ಹೋಗೋಷ್ಟು ದಿನ ತಗೊಳ್ಲಿ.

ಆದ್ರೆ ನನಗೆ ಬಣ್ಣ ಕೂಡಿಸೋದು ಗೊತ್ತಿಲ್ಲ, ದಾರಕ್ಕೆ ಮೇಣ ಕುಡಿಸೋದೂ ಅರ್ಧ ಮರೆತಿದೆ. ಸೋಮವಾರ, ಬುಧವಾರ, ಶುಕ್ರವಾರ ಕ್ಲಾಸು. ಬರೋದಾದ್ರೆ ಬನ್ನಿ. ಕೊನೇ ಬೆಂಚಲ್ಲಿ ಕೂರಬೇಡಿ, ಅಲ್ಲಿಗೆ ನನ್ನ ತುಟಿ ಕಾಣಲ್ಲ. ಮುಂದಿನ ಬೆಂಚಿನ ತುದೀಲಿ ಒಂದು ಜಾಗ ಬಿಟ್ಟಿಡೋಕೆ ಶಬಾನಗೆ ಹೇಳಿದೀನಿ.

ಕುಸುಮಾ